ಮಂಜುಗಲ್ಲಿನ ಮೇಲೆ ಅಂಗೈ

ಬೋಗುಣಿಯ ತಳದಲ್ಲಿ ಅಂಬಲಿ ಉಳಿದ ಹಾಗೆ, ಬೆಟ್ಟಗಳ ನಡುವಿನ ತಗ್ಗಿನಲ್ಲಿ ಆ ಊರು ಉಳಿದುಕೊಂಡಿತ್ತು. ಸುತ್ತಲೂ ಇಳಿಜಾರು, ಇಳಿಜಾರಿನ ನೆತ್ತಿಗೆ ಅಂಚು, ಅಂಚಿನಾಚೆ ಉಳಿದ ಲೋಕ. ಬೇಸಿಗೆಯಲ್ಲಿ ಅಲ್ಲಿಯ ಜನವೂ ನಮ್ಮ ನಿಮ್ಮ ಹಾಗೆಯೇ. ಒಬ್ಬರ ಕೋಳಿ ಇನ್ನೊಬ್ಬರ ಅಂಗಳಕ್ಕೆ ಹೋದರೆ ಸಾಕು, ಬೀದಿರಂಪ ಮಾಡಿ ಸಂಜೆಗೆ ಅದೇ ಕೋಳಿಯ ಸಾರು ಹಂಚಿಕೊಂಡು ಉಣ್ಣುತ್ತಿದ್ದರು. ಚಳಿ ಇಳಿಯತೊಡಗಿದಾಗ ಮಾತ್ರ ಊರಿನ ನಡೆ ಬೇರೆಯಾಗುತ್ತಿತ್ತು.

ಮೊದಲ ಮಂಜು ಬಿದ್ದ ದಿನ ಎಲ್ಲರೂ ತಮ್ಮ ತಮ್ಮ ಹೆಸರನ್ನು ಬಿಟ್ಟುಬಿಡುತ್ತಿದ್ದರು. ಹೆಸರೆಂದರೆ ಬೂದಿ ಮುಚ್ಚಿದ ಕೆಂಡ, ಕರೆದರೆ ಹೊತ್ತಿಕೊಳ್ಳುತ್ತದೆ ಎಂಬುದು ಅವರ ನಂಬಿಕೆ. ಆಮೇಲೆ ಚಳಿ ಮುಗಿಯುವ ತನಕ ಗಾಣದವನು ಬರೀ ಗಾಣದವನು, ನೂಲುವವಳು ಬರೀ ನೂಲುವವಳು. ಎದುರು ಸಿಕ್ಕವರು ತಣ್ಣಗಿದ್ದೀಯಾ ಎಂದು ಕೇಳುವರು, ತಣ್ಣಗಿದ್ದೀನಿ ಎಂದು ಇವರು ಹೇಳುವರು. ಹಿರಿಯರು ತಲೆ ಮುಟ್ಟಿ ಹರಸಿದರೂ ಅದೇ ಮಾತು, ಹೊಟ್ಟೆ ತಣ್ಣಗಿರಲಿ.

ಇಷ್ಟೆಲ್ಲ ಒಂದು ಬೆಳಗಿಗಾಗಿ. ಚಳಿಯ ಕಟ್ಟಕಡೆಯ ಬೆಳಗಿನಲ್ಲಿ, ಊರು ಸಾಕಷ್ಟು ತಣ್ಣಗಾಗಿದ್ದರೆ, ಅಲ್ಲಿದ್ದವರೆಲ್ಲ ಒಂದಾಗುತ್ತಿದ್ದರು. ಒಗ್ಗಟ್ಟು ಎನ್ನುತ್ತೇವಲ್ಲ, ಆ ಬಾಯಿಮಾತಿನ ಒಂದಲ್ಲ. ನಿಜವಾಗಿ ಒಂದು. ಒಬ್ಬನ ಉಸಿರೇ ಎಲ್ಲರ ಉಸಿರು. ಈ ಕೈ ಯಾರದು, ಈ ಹಸಿವು ಯಾರದು ಎಂದು ಕೇಳಲು ಅಲ್ಲಿ ಇನ್ನೊಬ್ಬರು ಇರುತ್ತಿರಲಿಲ್ಲ. ವರ್ಷವಿಡೀ ಒಬ್ಬೊಬ್ಬರೇ ಹೊತ್ತ ಭಾರ ಆ ಬೆಳಗಿನಲ್ಲಿ ಊರಿಗೆಲ್ಲ ಹರಡಿಹೋಗುತ್ತಿತ್ತು, ಕೆರೆಗೆ ಹಾಕಿದ ಹಿಡಿ ಉಪ್ಪು ಕರಗುವ ಹಾಗೆ. ಬಿಸಿಲು ಇಳಿಜಾರಿನಿಂದ ಮೆಲ್ಲಗೆ ಇಳಿದು ಬಂದಾಗ ಒಂದು ಮತ್ತೆ ಹಲವಾಗುತ್ತಿತ್ತು. ತಮ್ಮ ತಮ್ಮದನ್ನು ಎಲ್ಲರೂ ಎತ್ತಿಕೊಂಡು ಮನೆಗೆ ಹೋಗುತ್ತಿದ್ದರು. ಎತ್ತಿಕೊಂಡದ್ದು ಮುಂಚಿಗಿಂತ ಹಗುರವಾಗಿರುತ್ತಿತ್ತು.

ಆದರೆ ಪುಕ್ಕಟೆಯಾಗಿ ಯಾವುದೂ ದಕ್ಕುವುದಿಲ್ಲ. ಊರು ತಣ್ಣಗಾಗಬೇಕಾದರೆ ಬಿಸಿ ಇದ್ದವರು ಹೊರಗೆ ಹೋಗಬೇಕು. ಊರ ನಡುವೆ ಒಂದು ಅಗಲವಾದ ಕಲ್ಲಿತ್ತು, ಚಳಿಯಲ್ಲಿ ಅದರ ಮೇಲೆ ದಪ್ಪಗೆ ಮಂಜು ಕೂರುತ್ತಿತ್ತು. ದಿನಾ ಸಂಜೆ ಎಲ್ಲರೂ ಸಾಲಾಗಿ ಬಂದು ಆ ಮಂಜುಗಲ್ಲಿನ ಮೇಲೆ ಅಂಗೈ ಊರಿ ಎತ್ತುವರು. ಯಾರು ಅಂಚು ದಾಟಬೇಕೆಂದು ಹೇಳುವವನು ಒಬ್ಬ ಮುದುಕ, ಅಂಚಿನ ಮುದುಕ. ಅವನು ಬಗ್ಗಿ, ಮಂಜಿನಲ್ಲಿ ಬಿದ್ದ ಗುರುತಿಗೆ ತನ್ನ ಕಿರುಬೆರಳು ಇಳಿಸಿ ಆಳ ನೋಡುವನು. ಎಲ್ಲರಿಗಿಂತ ಹೆಚ್ಚು ಕರಗಿಸಿದವರು ಆ ಸಂಜೆಯೇ ಇಳಿಜಾರು ಹತ್ತಿ ಅಂಚು ದಾಟಬೇಕು. ಮೊದಮೊದಲು ಬೆರಳು ಮುಳುಗುವಷ್ಟು ಕರಗಿಸಿದವರು ಹೋದರು, ಆಮೇಲೆ ಉಗುರು ಮುಳುಗುವಷ್ಟು. ಕೊನೆಕೊನೆಗೆ ಬರೀ ತೇವ ಕಂಡರೂ ಹೋಗಬೇಕಾಗುತ್ತಿತ್ತು. ಬಿಸಿ ಪಾದಕ್ಕೆ ಇಳಿಜಾರಿನ ಮಂಜು ಕರಗಿ ಹಿಡಿತ ಸಿಗುತ್ತಿತ್ತು, ಹಾಗಾಗಿ ಹತ್ತುವುದು ಕಷ್ಟವಿರಲಿಲ್ಲ. ಒಮ್ಮೆ ದಾಟಿದವರು ಮಾತ್ರ ಮತ್ತೆ ಒಳಗೆ ಇಳಿಯುವಂತಿರಲಿಲ್ಲ.

ಸಿಟ್ಟೂ ಬಿಸಿ, ಆಸೆಯೂ ಬಿಸಿ, ಸಂತೋಷವೂ ಬಿಸಿ. ನೂಲುವವಳ ಗಂಡ ಹೋದದ್ದು ಸಂತೋಷದಿಂದ. ಮಗ ಹುಟ್ಟಿದ ಚಳಿಯಲ್ಲಿ ಪಾಪ ಆ ಮನುಷ್ಯನಿಗೆ ನಗು ಅಡಗಿಸಿಕೊಳ್ಳಲು ಬರಲಿಲ್ಲ, ಮೊದಲ ಸಂಜೆಯೇ ಕಲ್ಲಿನ ಮೇಲೆ ಅಂಗೈ ಆಕಾರದ ಗುಂಡಿ ಬಿತ್ತು. ನಗುತ್ತಲೇ ಹತ್ತಿದ, ಹತ್ತುತ್ತಾ ಹತ್ತುತ್ತಾ ಅತ್ತ. ಆಮೇಲೆ ಆ ಮನೆಯಲ್ಲಿ ಉಳಿದದ್ದು ನೂಲುವವಳು, ಅವಳ ತಂಗಿ, ಮತ್ತು ಆ ಮಗು. ತಂಗಿಗೆ ಮದುವೆಯಿರಲಿಲ್ಲ, ಬೇಕು ಎಂದೂ ಅವಳು ಅಂದವಳಲ್ಲ. ಅಕ್ಕ ನೂಲುತ್ತಿದ್ದರೆ ಮಗು ತಂಗಿಯ ಸೊಂಟದ ಮೇಲೆ, ತಂಗಿ ನೀರಿಗೆ ಹೋದರೆ ಅಕ್ಕನ ತೊಡೆಯ ಮೇಲೆ.

ಮಗು ಓಡಾಡಿ ಮಾತಾಡುವಷ್ಟು ಬೆಳೆದ ವರ್ಷ, ಮಳೆ ಹಿಂದಾದ ಮೇಲೆ ಬಂದ ಜ್ವರದಲ್ಲಿ ಹೋಯಿತು. ಹೋಗುವಾಗ ಮೈ ಸುಡುತ್ತಿತ್ತು, ಆಮೇಲೆ ಆ ಊರಿನಲ್ಲಿ ಎಲ್ಲರಿಗಿಂತ ಮೊದಲು ತಣ್ಣಗಾದದ್ದು ಅದೇ. ಕೆಂಚುಗೂದಲಿನ ಹುಡುಗ, ಆದ್ದರಿಂದ ಕೆಂಚ ಎಂದು ಕರೆಯುತ್ತಿದ್ದರು. ಈ ಕಥೆಯಲ್ಲಿ ಇರುವುದು ಇದೊಂದೇ ಹೆಸರು. ಚಳಿ ಬಂದಾಗ ಊರವರೆಲ್ಲ ತಮ್ಮ ಹೆಸರು ಬಿಟ್ಟರು, ಸತ್ತವನ ಹೆಸರನ್ನು ಬಿಡುವವರು ಯಾರು? ಅದು ನೂಲುವವಳ ನಾಲಿಗೆಯ ಕೆಳಗೆ ಉಳಿಯಿತು.

ಅವಳಿಗೆ ಬೇಕಾದದ್ದು ಒಂದೇ. ಹೇಗಾದರೂ ಆ ಕಡೆಯ ಬೆಳಗಿನ ತನಕ ಊರಿನಲ್ಲಿ ಉಳಿಯಬೇಕು. ಉಳಿದರೆ ಈ ಸಂಕಟ ಊರಿಗೆಲ್ಲ ಹಂಚಿಹೋಗುತ್ತದೆ, ತನ್ನ ಪಾಲಿಗೆ ಹೊರಬಲ್ಲಷ್ಟು ಉಳಿಯುತ್ತದೆ. ಅಂಚು ದಾಟಿದರೆ ಇದನ್ನು ಕೊನೆಯ ತನಕ ಒಬ್ಬಳೇ ಹೊರಬೇಕು. ಆದರೆ ಹೆತ್ತ ಹೊಟ್ಟೆಯ ಉರಿ ಎಲ್ಲಿಯಾದರೂ ಅಡಗುತ್ತದೆಯೇ? ಅವಳು ಮುಟ್ಟಿದ ರಾಟೆಯ ಹಿಡಿ ಬಿಸಿಯಾಗುತ್ತಿತ್ತು, ನೂತ ನೂಲು ಬೆರಳಿನಲ್ಲೇ ಒಣಗುತ್ತಿತ್ತು. ಮೊದಲ ಸಂಜೆಗೇ ತಾನು ಹೋಗುವವಳು ಎಂದು ಅವಳಿಗೆ ಗೊತ್ತಿತ್ತು.

ಅದಕ್ಕೇ ಒಂದು ಉಪಾಯ ಹೂಡಿದಳು. ಮಧ್ಯಾಹ್ನವೇ ಹಿತ್ತಲಿನಿಂದ ಮಂಜು ಕೆರೆದು ತಂದು, ಮಡಕೆಗೆ ತುಂಬಿ, ಮೇಲೆ ಹಿಡಿ ಹಿಡಿ ಕಲ್ಲುಪ್ಪು ಸುರಿದಳು. ಉಪ್ಪು ಬೆರೆತ ಮಂಜು ಮಂಜಿಗಿಂತ ತಣ್ಣಗಾಗುತ್ತದೆ. ಅದರಲ್ಲಿ ಬಲಗೈಯನ್ನು ಮಣಿಕಟ್ಟಿನ ತನಕ ಅದ್ದಿ, ನೋವು ಹೋಗಿ ಮರಗಟ್ಟುವ ತನಕ ಕೂತಳು. ಸಂಜೆ ಹೋಗಿ ಕಲ್ಲಿನ ಮೇಲೆ ಕೈ ಊರಿದಳು. ಮುದುಕ ಕಿರುಬೆರಳು ಇಳಿಸಿ ನೋಡಿದ, ಇಳಿಯಲು ಏನೂ ಇರಲಿಲ್ಲ. ತಣ್ಣಗಿದ್ದೀಯವ್ವಾ ಎಂದ. ಊರವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏನು ಗಟ್ಟಿ ಹೆಂಗಸಪ್ಪಾ ಎಂದು ಮೆಚ್ಚಿದವರೂ ಇದ್ದರು, ಕಲ್ಲು ಮನಸ್ಸಿನವಳು ಎಂದು ಗೊಣಗಿದವರೂ ಇದ್ದರು. ಜನರ ಬಾಯಿಗೆ ಬೀಗ ಹಾಕುವುದು ಯಾರಿಂದ ಆದೀತು. ಅವಳು ಸೆರಗಿನಲ್ಲಿ ಕೈ ಮುಚ್ಚಿಕೊಂಡು ಮನೆಗೆ ಹೋದಳು.

ಸಂಜೆಯ ಮೇಲೆ ಸಂಜೆ ಹೀಗೆಯೇ ಕಳೆಯಿತು. ಮಡಕೆ, ಮಂಜು, ಉಪ್ಪು. ಕೈ, ಕಲ್ಲು, ಕಿರುಬೆರಳು. ಒಬ್ಬೊಬ್ಬರಾಗಿ ಬಿಸಿಯವರು ಹತ್ತಿ ಹೋದರು, ಊರು ಖಾಲಿಯಾದಷ್ಟೂ ತಣ್ಣಗಾಯಿತು. ನಾಯಿಗಳು ಬೊಗಳುವುದನ್ನು ಬಿಟ್ಟವು. ಗಾಣದವನ ಬಾಯಿಂದ ಬರುತ್ತಿದ್ದ ಹಬೆ ತೆಳುವಾಯಿತು. ತಂಗಿಯೂ ಸಾಲಿನಲ್ಲಿ ನಿಂತು ಕೈ ಊರುತ್ತಿದ್ದಳು. ಅವಳಿಗೂ ಸಂಕಟವಿತ್ತು, ಆದರೆ ಅದನ್ನು ಅವಳು ಮಡಕೆಯಲ್ಲಿ ಅದ್ದಿರಲಿಲ್ಲ. ಹಗಲೆಲ್ಲ ಮೆಲ್ಲಗೆ ನಡೆದು, ಮೆಲ್ಲಗೆ ಉಂಡು, ಮಗುವಿನ ನೆನಪು ಬಂದಾಗ ಒಂದು ಗುಟುಕು ನೀರು ಕುಡಿದು, ಪ್ರಾಮಾಣಿಕವಾಗಿ ತಣ್ಣಗಾಗುತ್ತಾ ಬಂದಿದ್ದಳು.

ಕೊನೆಯ ಸಂಜೆ ಬಂತು. ಒಬ್ಬರು ಹೋದರೆ ಸಾಕು, ನಾಳೆ ಬೆಳಗು ಸಿಕ್ಕುತ್ತದೆ ಎಂದು ಮುದುಕ ಹೇಳಿದ. ನ್ಯಾಯವಾಗಿ ಆ ಒಬ್ಬರು ತಾನೇ ಎಂದು ನೂಲುವವಳಿಗೆ ಗೊತ್ತಿತ್ತು. ಮಡಕೆಯಲ್ಲಿ ಅದ್ದಿ ಅದ್ದಿ ಬಿಳಿಚಿದ ಕೈಯನ್ನು ಕಲ್ಲಿನ ಮೇಲಿಟ್ಟಳು, ಎತ್ತಿದಳು. ಮಂಜು ಇಟ್ಟಂತೆಯೇ ಇತ್ತು. ಅವಳ ಹಿಂದೆ ತಂಗಿ ಇಟ್ಟಳು. ಎತ್ತಿದಾಗ ಅಲ್ಲಿ ಗುಂಡಿಯಿರಲಿಲ್ಲ, ಗೆರೆಯೂ ಇರಲಿಲ್ಲ, ಉಸಿರು ಬಿಟ್ಟ ಕನ್ನಡಿಯ ಹಾಗೆ ಒಂದಿಷ್ಟು ತೇವವಿತ್ತು. ಅಷ್ಟು ತೇವ ಆ ಸಂಜೆ ಇನ್ಯಾರ ಕೈಯಿಂದಲೂ ಬಿದ್ದಿರಲಿಲ್ಲ. ಮುದುಕ ಬೆರಳು ತಾಗಿಸಿ, ಅಂಚಿನ ಕಡೆ ನೋಡಿದ.

ನೂಲುವವಳ ಬಾಯಿಗೆ ಮಾತು ಬಂತು, ಬಂದದ್ದನ್ನು ನುಂಗಿದಳು. ತಂಗಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡಳು. ಹೋಗುವ ಮುಂಚೆ ಅಕ್ಕನ ಬಳಿ ಬಂದು, ಯಾರಿಗೂ ಕೇಳಿಸದ ಹಾಗೆ ಹೇಳಿದಳು.

"ಕೈ ಒರೆಸ್ಕೋ ಅಕ್ಕಾ. ಮಣಿಕಟ್ಟಲ್ಲಿ ಉಪ್ಪು ಕಾಣ್ತಾ ಐತೆ."

ಅಷ್ಟೇ ಹೇಳಿ ಇಳಿಜಾರು ಹತ್ತಿದಳು. ಮೈಯಲ್ಲಿ ಬಿಸಿ ಕಡಿಮೆಯಿದ್ದದ್ದರಿಂದ ಅವಳ ಕಾಲು ಮತ್ತೆ ಮತ್ತೆ ಜಾರುತ್ತಿತ್ತು. ಎಲ್ಲರಿಗಿಂತ ಹೆಚ್ಚು ಹೊತ್ತು ಹಿಡಿಯಿತು ಅವಳಿಗೆ ಅಂಚು ಮುಟ್ಟಲು. ನೂಲುವವಳು ಮಣಿಕಟ್ಟು ಒರೆಸಿಕೊಳ್ಳುತ್ತಾ ನಿಂತಿದ್ದಳು, ಒರೆಸುವುದನ್ನು ನಿಲ್ಲಿಸಲು ಅವಳಿಗೆ ಆಗಲಿಲ್ಲ.

ಮರುದಿನ ಬೆಳಗು ಹರಿಯುವ ಮುಂಚೆ ಉಳಿದವರೆಲ್ಲ ಕಲ್ಲಿನ ಸುತ್ತ ಕೂತರು. ಒಬ್ಬರ ಕೈ ಇನ್ನೊಬ್ಬರ ಮಡಿಲಿನಲ್ಲಿ. ಬಾಯಿಂದ ಬರುತ್ತಿದ್ದ ಹಬೆ ಮೊದಲು ಒಂದೇ ತಾಳಕ್ಕೆ ಬಂತು, ಆಮೇಲೆ ನಿಂತಿತು. ಆಮೇಲೆ ಅಲ್ಲಿ ಯಾರೂ ಇರಲಿಲ್ಲ, ಊರು ಇತ್ತು.

ಊರಿಗೆ ಗಾಣದವನ ಬೆನ್ನುನೋವು ಸಿಕ್ಕಿತು, ಎಲ್ಲರಲ್ಲೂ ಹರಡಿ ತುರಿಕೆಯಷ್ಟಾಯಿತು. ಹೊಸದಾಗಿ ಬಂದ ಸೊಸೆಯ ತವರಿನ ನೆನಪು ಸಿಕ್ಕಿತು, ಅದು ಎಲ್ಲರಿಗೂ ಒಂದು ಸಣ್ಣ ಊರಿನ ವಾಸನೆಯಾಯಿತು. ಅಂಚಿನ ಮುದುಕನ ಒಂಟಿತನ ಎಲ್ಲರ ಮನೆಯ ಖಾಲಿ ಮೂಲೆಗಳಿಗೆ ಹೋಗಿ ಕೂತಿತು. ಕೊನೆಗೆ ಕೆಂಚ ಸಿಕ್ಕಿದ. ಊರಿಗೆ ಊರೇ ಆ ಮಗುವನ್ನು ಹೆತ್ತಿತು, ಊರಿಗೆ ಊರೇ ಹಾಲೂಡಿಸಿತು, ಊರಿಗೆ ಊರೇ ಜ್ವರದ ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟಿತು. ಊರೇ ಕಳೆದುಕೊಂಡಿತು. ಆ ಭಾರ ಹರಡಿ ಹರಡಿ, ತೆಳುವಾಗಿ, ಒಂದು ನಿಟ್ಟುಸಿರಿನಷ್ಟು ಉಳಿಯಿತು. ನೂಲುವವಳು ಬಯಸಿದ್ದು ಇದನ್ನೇ.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಬಿಸಿಲು ಬರುತ್ತಿತ್ತು, ಎಲ್ಲ ಸರಿಹೋಗುತ್ತಿತ್ತು. ಆದರೆ ತಾಯಿಯಾದವಳು ಮಗ್ಗುಲಲ್ಲಿ ಮಗು ಇದೆಯೇ ಎಂದು ನಿದ್ದೆಯಲ್ಲೂ ಕೈಯಾಡಿಸುತ್ತಾಳೆ. ಆ ಒಂದರ ಒಳಗೂ ಏನೋ ಒಂದು ಹಾಗೆ ಕೈಯಾಡಿಸಿತು. ಕೈಗೆ ಮಗು ಸಿಕ್ಕಿತು, ಆದರೆ ಎಲ್ಲರ ಮಗುವಾಗಿ ಸಿಕ್ಕಿತು. ಗಾಣದವನಿಗೆ ಎಷ್ಟೋ ಅವಳಿಗೂ ಅಷ್ಟೇ. ಅವಳಿಗೆ ತಡೆಯಲಾಗಲಿಲ್ಲ. ಒಂದೇ ಒಂದು ಸಲ, ತನ್ನವನಾಗಿ ಮುಟ್ಟಿ ಬಿಟ್ಟುಬಿಡುತ್ತೇನೆ ಎಂದುಕೊಂಡಳು. ನಾಲಿಗೆಯ ಕೆಳಗಿದ್ದದ್ದು ಹೊರಗೆ ಬಂತು.

"ಕೆಂಚಾ."

ಊರು ಓಗೊಟ್ಟಿತು. ಕೂತಿದ್ದ ಅಷ್ಟೂ ಬಾಯಿಗಳು, ಮುದುಕರದ್ದು, ಹೆಂಗಸರದ್ದು, ಹಲ್ಲಿಲ್ಲದ್ದು, ಮೀಸೆಯದ್ದು, ಒಂದೇ ಗಳಿಗೆಗೆ ತೆರೆದವು. ಒಂದೇ ದನಿ ಬಂತು. ಕೊನೆಯನ್ನು ರಾಗವಾಗಿ ಎಳೆಯುವ, ಆಟ ಬಿಟ್ಟು ಬರಲು ಮನಸ್ಸಿಲ್ಲದ, ಆ ಹುಡುಗನದ್ದೇ ದನಿ.

"ಏನವ್ವಾ..."

ಅದನ್ನು ಕೇಳಿ ಅವಳ ಎದೆ ಒಡೆದು ಹಾಲಾಯಿತು. ಬಾ ಎಂದಳು. ಅಲ್ಲಿಗೆ ಎಲ್ಲ ಮುಗಿಯಿತು. ಕರೆದ ಮೇಲೆ ಯಾರಾದರೂ ಒಬ್ಬರು ಬರಬೇಕಲ್ಲ. ಬರಬೇಕಾದರೆ ಒಂದು ಹಲವಾಗಬೇಕು, ಮಗು ಅವರಲ್ಲಿ ಯಾರಾದರೂ ಒಬ್ಬರ ಪಾಲಿಗೆ ಬೀಳಬೇಕು. ಬಿಸಿಲು ಇನ್ನೂ ಅಂಚಿನ ಮೇಲೂ ಮೂಡಿರಲಿಲ್ಲ. ಊರು ಒಮ್ಮೆಲೇ ಒಡೆಯಿತು, ತಮ್ಮ ತಮ್ಮದನ್ನು ಹುಡುಕಿ ಎತ್ತಿಕೊಳ್ಳಲು ಯಾರಿಗೂ ಪುರುಸೊತ್ತು ಸಿಗಲಿಲ್ಲ. ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಎಚ್ಚರಾದರು. ಗಾಣದವನು ತವರು ನೆನೆದು ಸೆರಗಿಗಾಗಿ ತಡಕಾಡಿದ. ಹೊಸ ಸೊಸೆ ಅಯ್ಯೋ ಬೆನ್ನು ಎನ್ನುತ್ತಾ ಎದ್ದಳು. ಬೇರೆ ದಿನವಾಗಿದ್ದರೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅಂದು ಯಾರೂ ನಗದಿದ್ದದ್ದು ಅಂಚಿನ ಮುದುಕನಿಂದಾಗಿ. ಅವನು ಎರಡೂ ಕೈಯಲ್ಲಿ ಎದೆ ಬಡಿದುಕೊಂಡು, ಕೆಂಚಾ, ನನ್ನಪ್ಪಾ, ಎಂದು ನೆಲಕ್ಕೆ ಬಿದ್ದು ಹೊರಳುತ್ತಿದ್ದ.

ನೂಲುವವಳು ಅವನನ್ನು ನೋಡಿದಳು. ಪಾಪ, ಯಾರನ್ನು ಕಳೆದುಕೊಂಡನೋ ಎನ್ನಿಸಿತು. ಹೋಗಿ ಬೆನ್ನು ಸವರಿ, ಯಾರಜ್ಜಾ ಹೋದದ್ದು ಎಂದು ಕೇಳಿದಳು. ಸುತ್ತ ನಿಂತವರು ಬಾಯಿಗೆ ಸೆರಗು ಒತ್ತಿಕೊಂಡರು. ಅವಳ ಪಾಲಿಗೆ ಬಂದದ್ದು ಮುದುಕನ ಒಂಟಿತನ, ಒಳಗೆ ಗುಡಿಸಿದ ಅಂಗಳದಂತೆ ಎಲ್ಲವೂ ಬಯಲಾಗಿತ್ತು.

ಅವನು ನಿನ್ನ ಮಗ ಕಣೇ ಎಂದು ಜನ ಹೇಳಿದರು. ಹೇಳಿದ್ದನ್ನು ಅವಳು ನಂಬಿದಳು. ನಿಮ್ಮ ಮುತ್ತಜ್ಜಿ ಇಂಥ ಊರಿನವಳು ಎಂದರೆ ನಾವು ನಂಬುವುದಿಲ್ಲವೇ, ಹಾಗೆ. ಮನೆಗೆ ಹೋಗಿ ನೋಡಿದರೆ ಗೂಟಕ್ಕೆ ಒಂದು ಪುಟ್ಟ ಕುಲಾವಿ ತೂಗುತ್ತಿತ್ತು. ತೆಗೆದು ಬೆರಳಾಡಿಸಿದಳು. ನೂಲು ಒಳ್ಳೆಯದಿದೆ, ಎಲ್ಲೂ ಗಂಟಿಲ್ಲ ಎಂದು ಮೆಚ್ಚಿದಳು. ಆಮೇಲೆ ತಾನು ಮೆಚ್ಚಿದ್ದು ಸತ್ತ ಮಗನ ಕುಲಾವಿಯನ್ನು ಎಂದು ತಿಳಿದು, ಅದನ್ನು ಮತ್ತೆ ಗೂಟಕ್ಕೇ ತೂಗುಹಾಕಿದಳು. ಅಳು ಬರಲಿಲ್ಲ. ಮಗು ಸತ್ತದ್ದು ಒಂದು, ಸತ್ತ ಮಗುವೂ ಇಲ್ಲದೆ ಹೋದದ್ದು ಇನ್ನೊಂದು. ಯಾವ ತಾಯಿಗೂ ಈ ಎರಡನೆಯದು ಬರಬಾರದು.

ಬೆಳಗು ನಡುವೆಯೇ ಒಡೆದದ್ದಕ್ಕೋ ಏನೋ, ಆ ವರ್ಷ ಚಳಿ ಊರು ಬಿಟ್ಟು ಹೋಗಲಿಲ್ಲ, ಕಲ್ಲಿನ ಮೇಲೆ ಮಂಜು ಹಾಗೆಯೇ ಉಳಿಯಿತು. ಅಂದು ಸಂಜೆ ಮುದುಕನ ಕೈ ಕಲ್ಲಿನ ಮೇಲೆ ಬಿದ್ದಾಗ ಮಂಜು ಬುಡದ ತನಕ ಕರಗಿತು. ಇಷ್ಟು ವರ್ಷ ಕಂಡವರನ್ನೆಲ್ಲ ಹೊರಗೆ ಕಳಿಸಿದವನು ಈಗ ತಾನೇ ಹೊರಟ. ನೂಲುವವಳು ದಾರಿಗೆ ಅಡ್ಡ ನಿಂತಳು. ಅಜ್ಜಾ, ಅದು ನನ್ನದಂತೆ, ಕೊಟ್ಟು ಹೋಗು, ನಿನ್ನ ಕಾಲಿಗೆ ಬೀಳ್ತೀನಿ ಎಂದು ಬೇಡಿದಳು. ಮುದುಕ ಅವಳ ತಲೆ ಸವರಿದ. ಅವನ ಕೈ ಸುಡುತ್ತಿತ್ತು.

"ನಂಗೆ ಹೆಂಡ್ತಿ ಇರ್ನಿಲ್ಲ, ಮಕ್ಳಿರ್ನಿಲ್ಲ ಕಣವ್ವಾ," ಎಂದ. "ಈ ವಯಸ್ಸಲ್ಲಿ ಒಬ್ಬ ಮಗ ಹುಟ್ಟಿ ಸತ್ತವ್ನೆ. ಅವನ್ನೂ ನಿಂಗೆ ಕೊಟ್ಬುಟ್ಟು ನಾನು ಯಾರ್ನ ನೆನೆಸ್ಕೊಂಡು ಸಾಯ್ಲಿ?"

ಅವನ ಒಂಟಿತನವನ್ನು ಒಂದು ಹಗಲು ಹೊತ್ತಿದ್ದವಳು ಅವಳು, ಅದು ಎಂಥದು ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ದಾರಿ ಬಿಟ್ಟಳು. ಮುದುಕ ಬರಿಗಾಲಿನಲ್ಲಿ ಹತ್ತಿದ, ಇಟ್ಟ ಹೆಜ್ಜೆಯೆಲ್ಲ ಕರಗಿ ಮೆಟ್ಟಿಲಾಯಿತು. ಅವನ ಹಿಂದೆಯೇ ಹೋಗಬಾರದೇ ಎಂದು ಅವಳೂ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಮೆಟ್ಟಿಲು ಮತ್ತೆ ಹೆಪ್ಪುಗಟ್ಟಿತ್ತು. ಅವಳ ಪಾದ ತಣ್ಣಗಿತ್ತು, ಜಾರಿ ಕೆಳಗೆ ಬಂದಳು. ಮುದುಕ ಅಂಚು ದಾಟಿದವನು ಮಗನ ಹೆಸರು ಕೂಗುತ್ತಾ ದೂರ ದೂರ ಹೋದ, ಕೂಗು ಕೇಳಿಸದಷ್ಟು ದೂರ.

ಆಗ ಮೇಲಿನಿಂದ ಇನ್ನೊಂದು ದನಿ ಬಂತು.

"ಅಕ್ಕಾ."

ತಂಗಿ ಅಂಚಿನ ಮೇಲೆ ಕೂತಿದ್ದಳು. ಹೋಗು ಎಂದ ಮೇಲೂ ಅವಳು ದೂರ ಹೋಗಿರಲಿಲ್ಲ, ಹೋಗಲು ಅವಳಿಗೆ ಬೇರೆ ಯಾರಿದ್ದರು? ಕೆಳಗೆ ನಡೆದದ್ದನ್ನೆಲ್ಲ ನೋಡಿದ್ದಳು. ನೂಲುವವಳಿಗೆ ಆಗ ಹೊಳೆಯಿತು. ಆ ಬೆಳಗಿನಲ್ಲಿ ಇವಳು ಊರಿನಲ್ಲಿರಲಿಲ್ಲ, ಇವಳದ್ದು ಯಾವುದೂ ಕಲಸಿಹೋಗಲಿಲ್ಲ. ಲೋಕದಲ್ಲಿ ಆ ಮಗು ತಾನು ಇದ್ದ ಹಾಗೆಯೇ ಉಳಿದಿರುವುದು ಇವಳೊಬ್ಬಳಲ್ಲಿ. ಮೋಸ ಮಾಡಿ ಯಾರನ್ನು ಹೊರಗೆ ದಬ್ಬಿದಳೋ ಅವಳಲ್ಲಿ.

ನೂಲುವವಳು ಕ್ಷಮಿಸು ಎನ್ನಲು ಬಾಯಿ ತೆರೆದಳು. ತಂಗಿ ಅದಕ್ಕೆ ಅವಕಾಶ ಕೊಡದೆ, ಕೂತ್ಕೋ, ಹೇಳ್ತೀನಿ ಎಂದಳು.

ಅಂದಿನಿಂದ ದಿನಾ ಸಂಜೆ ಹೀಗೆ. ತಂಗಿ ಮೇಲೆ ಕೂತು ಹೇಳುವಳು, ಅಕ್ಕ ಕೆಳಗೆ ಕೂತು ಕೇಳುವಳು. ತಂಗಿ ಇಳಿಯುವಂತಿಲ್ಲ, ಅಕ್ಕ ಹತ್ತಲಾರಳು. ಹುಡುಗ ಅಂಬಲಿಗೆ ಉಪ್ಪು ಸಾಲದು ಎಂದು ಮುಖ ಸಿಂಡರಿಸುತ್ತಿದ್ದದ್ದು, ರಾಟೆಯ ಸದ್ದನ್ನು ಬಾಯಲ್ಲಿ ಅನುಕರಿಸುತ್ತಿದ್ದದ್ದು, ಕುಲಾವಿಯನ್ನು ನಾಯಿಯ ತಲೆಗೆ ಕಟ್ಟಿದ್ದು. ನೂಲುವವಳು ಹೂಂಗುಟ್ಟುತ್ತಿದ್ದಳು. ಒಳ್ಳೆಯ ಹುಡುಗ ಎನ್ನಿಸುತ್ತಿತ್ತು. ಇನ್ನೊಬ್ಬರ ಮನೆಯ ಒಳ್ಳೆಯ ಹುಡುಗ. ಕಥೆ ಮುಗಿದ ಮೇಲೆ ಊರ ನಡುವಿಗೆ ಹೋಗಿ ಮಂಜುಗಲ್ಲಿನ ಮೇಲೆ ಅಂಗೈ ಊರಿ, ಎತ್ತಿ, ಬಗ್ಗಿ ನೋಡುವಳು. ಒಂದು ಕಾಲಕ್ಕೆ ಅಲ್ಲಿ ಏನೂ ಕಾಣಬಾರದು ಎಂದು ಬೇಡಿಕೊಂಡವಳು ಈಗ ಏನಾದರೂ ಕಂಡೀತೇ ಎಂದು ಹುಡುಕುತ್ತಿದ್ದಳು. ಮಂಜು ಇಟ್ಟಂತೆಯೇ ಇರುತ್ತಿತ್ತು. ಊರವರು ಎದುರಾದಾಗ, ಪಾಪ, ಅಭ್ಯಾಸಬಲದಿಂದ ತಣ್ಣಗಿದ್ದೀಯಾ ಎಂದು ಕೇಳಿ, ಕೇಳಿದ್ದಕ್ಕೆ ತಾವೇ ನಾಚಿಕೊಂಡು ತಲೆ ತಗ್ಗಿಸುತ್ತಿದ್ದರು.

ತಡವಾಗಿಯಾದರೂ ಚಳಿ ಮುಗಿಯುತ್ತಾ ಬಂದಿತ್ತು. ಒಂದು ಸಂಜೆ ತಂಗಿಗೆ ಹೇಳಲು ಹೆಚ್ಚೇನೂ ಉಳಿದಿರಲಿಲ್ಲ.

"ಮಲಗೋವಾಗ ಅವನ ಕಾಲು ತಣ್ಣಗಿರ್ತಿತ್ತಲ್ಲ ಅಕ್ಕಾ," ಎಂದಳು ಕೊನೆಗೆ. "ಎರಡೂ ಪಾದ ತಂದು ನಿನ್ನ ಹೊಟ್ಟೆಗೆ ಒತ್ತೋನು. ನೀನು ಅಯ್ಯೋ ಅಂತ ಬೆಚ್ಚೋಳು. ಆದ್ರೂ ತೆಗೀತಿರ್ಲಿಲ್ಲ."

ನೂಲುವವಳು ಹೂಂಗುಟ್ಟಲಿಲ್ಲ. ಎದ್ದು ನಡೆದಳು. ನಡೆಯುತ್ತಾ ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗಿತ್ತು, ಅಲ್ಲಿ ಏನನ್ನೋ ಜಾರದಂತೆ ಹಿಡಿದುಕೊಂಡಿರುವ ಹಾಗೆ. ಕಲ್ಲಿನ ಬಳಿ ಬಂದು ಆ ಕೈಯನ್ನು ಅಲ್ಲಿಂದ ತೆಗೆದು ಮಂಜಿನ ಮೇಲೆ ಊರಿದಳು. ಎತ್ತಿದಳು. ಬಗ್ಗಿ ನೋಡಿದಳು.

ಅಂಗೈ ಊರಿದ ಜಾಗದ ನಡುವೆ, ಒಂದು ಮಗುವಿನ ಹೆಬ್ಬೆರಳಿನಷ್ಟು ಜಾಗದಲ್ಲಿ, ಮಂಜು ತೇವವಾಗಿತ್ತು. ಅಂಚು ಹತ್ತಲು ಅಷ್ಟು ಬಿಸಿ ಯಾತಕ್ಕೂ ಸಾಲದು. ಅವಳು ಕಲ್ಲಿನ ಮುಂದೆ ಮಂಡಿಯೂರಿ, ಗಾಳಿ ತಾಗಿ ಅದು ಮತ್ತೆ ಹೆಪ್ಪುಗಟ್ಟದಂತೆ ಎರಡೂ ಕೈಯಿಂದ ಮರೆ ಮಾಡಿಕೊಂಡು ಕೂತಳು.